ಮುಯ್ಯಿ ಪುಸ್ತಕಾನೂ ಸ್ಕ್ಯಾನ್ ಮಾಡಿ ಕಳ್ಸಿದ್ದೆ: ಕೆನಡಾ ಸ್ಪೌಸ್ ಪಿಆರ್, ನನ್ನ ಅನುಭವ

ನಮ್ದು ಮನೆಯವ್ರೇ ನೋಡಿ ಮಾಡಿದ ಮದ್ವೆ. ನಾನು ತಿಪಟೂರು ಕಡೆಯವ್ಳು, ಯಜಮಾನ್ರದು ಗುಬ್ಬಿ ತಾಲ್ಲೂಕು, ಅವ್ರಿಗೆ ಕೆನಡಾದ ಕ್ಯಾಲ್ಗರಿಲಿ ಕೆಲ್ಸ, ಪಿಆರ್ (ಪರ್ಮನೆಂಟ್ ರೆಸಿಡೆನ್ಸ್, ಅಲ್ಲೇ ಕಾಯಂ ಇರೋ ಹಕ್ಕು) ಆಗಿತ್ತು. ಸಂಕ್ರಾಂತಿಗೆ ಊರಿಗೆ ಬಂದಾಗ ನನ್ನ ನೋಡಕ್ಕೆ ಬಂದ್ರು, ಅವತ್ತು ಮಾತಾಡಿದ್ದು ಇಪ್ಪತ್ತು ನಿಮಿಷ ಇರ್ಬೋದು, ಅದ್ರಲ್ಲಿ ಹತ್ತು ನಿಮಿಷ ನಮ್ಮ ಮಾವನೇ ಮಾತಾಡಿದ್ರು. ಆಮೇಲೆ ನಾಲ್ಕು ತಿಂಗ್ಳು ಫೋನು, 2023ರ ಮೇ ಕೊನೇ ಭಾನುವಾರ ತುಮಕೂರಿನ ಒಂದು ಛತ್ರದಲ್ಲಿ ಧಾರೆ. ಐದು ವಾರ ರಜಾ ಹಾಕಿ ಬಂದಿದ್ರು, ರಜಾ ಮುಗೀತು, ಹೋದ್ರು.

ಹೆಂಡ್ತಿ ಅಂತ ನಂಗೂ ಪಿಆರ್ ಸಿಗ್ಬೇಕಂದ್ರೆ, ಇದು ನಿಜವಾದ ಮದ್ವೆ ಅಂತ ಕೆನಡಾದವ್ರಿಗೆ ನಾವು ತೋರಿಸ್ಬೇಕು. ರಿಜಿಸ್ಟ್ರಾರ್ ಆಫೀಸ್ ಸರ್ಟಿಫಿಕೇಟ್ ಇದ್ರೆ ಸಾಕು ಅಂದ್ಕೊಂಡಿದ್ದೆ, ಅದು ಮದ್ವೆ ಆಗಿದೆ ಅಂತ ಹೇಳುತ್ತೆ ಅಷ್ಟೇ. ಅಲ್ಲಿಯ ರೂಲ್ ಪ್ರಕಾರ ಮದ್ವೆ ನಿಜ ಇರ್ಬೇಕು, ಜೊತೆಗೆ ಮುಖ್ಯವಾಗಿ ಪಿಆರ್ ಸಿಗ್ಲಿ ಅಂತ ಮಾಡ್ಕೊಂಡಿದ್ದಾಗಿರ್ಬಾರ್ದು, ಎರಡ್ರಲ್ಲಿ ಒಂದು ಡೌಟ್ ಬಂದ್ರೂ ರಿಜೆಕ್ಟ್.

ಮೊದ್ಲು ಒಬ್ಬ ಏಜೆಂಟ್ ಹತ್ರ ಹೋಗಿದ್ವಿ. ಆ ಮನುಷ್ಯ ಒಂದು ಲವ್ ಸ್ಟೋರಿ ರೆಡಿ ಇಟ್ಕೊಂಡಿದ್ದ, ಮೊದಲ ನೋಟದಲ್ಲೇ ಪ್ರೀತಿ, ಕಾಫಿ ಡೇಟು, ಕ್ಯಾಂಡಲ್ಲು, ಹೆಸ್ರು ಮಾತ್ರ ಬದ್ಲಾಯಿಸೋದು. ಓದಿ ನಗು ಬಂತು, ಆಮೇಲೆ ಭಯ ಆಯ್ತು. ಕೊಟ್ಟ ಅಡ್ವಾನ್ಸ್ ಹೋದ್ರೆ ಹೋಗ್ಲಿ ಅಂತ ಬಿಟ್ಟು ನಾವೇ ಕೂತ್ಕೊಂಡ್ವಿ.

ಅರ್ಜಿ ಜೊತೆ ಐಎಂಎಂ 5532 ಅಂತ ಒಂದು ಫಾರ್ಮ್ ಇದೆ, ಇಡೀ ಕಥೆ ಅದ್ರಲ್ಲೇ. ಯಾರು ಪರಿಚಯ ಮಾಡ್ಸಿದ್ರು, ಸಂಬಂಧ ಹೇಗೆ ಬೆಳೀತು, ಮದ್ವೆ ಶಾಸ್ತ್ರ ಎಲ್ಲಿ, ಎಷ್ಟು ಜನ ಬಂದಿದ್ರು, ಎಲ್ಲಾ ಬರೀಬೇಕು. ಎಷ್ಟು ಜನ ಅಂದ್ರೆ ಏನ್ ಹೇಳ್ಲಿ? ಅಪ್ಪನ್ನ ಕೇಳಿದ್ರೆ "ಎರಡು ಸಾವಿರ ಎಲೆ ಬಿತ್ತು" ಅಂದ್ರು, ಅಡುಗೆಯವ್ರ ಲೆಕ್ಕ ಬೇರೆ. ಆಗ ಅಮ್ಮ ಬೀರುವಿಂದ ಮುಯ್ಯಿ ಬರೆದ ನೋಟ್‌ಬುಕ್ ತಂದಿಟ್ರು. ಹೆಸ್ರು, ಊರು, ಎಷ್ಟು ಹಾಕಿದ್ರು, ಸಾಲಾಗಿ. ನೊಣವಿನಕೆರೆ ಅತ್ತೆ, ಕಿಬ್ಬನಹಳ್ಳಿ ಕ್ರಾಸ್ ಅಂಗಡಿಯವ್ರು, ಅಪ್ಪನ ಜೊತೆ ಕೊಬ್ರಿ ಮಂಡಿಗೆ ಬರೋರು. ಇದಕ್ಕಿಂತ ಒಳ್ಳೇ ಸಾಕ್ಷಿ ಯಾವ ಸ್ಟುಡಿಯೋ ಆಲ್ಬಮ್ಮೂ ಕೊಡಲ್ಲ ಅನ್ನಿಸ್ತು. ಆರು ಪುಟ ಸ್ಕ್ಯಾನ್ ಮಾಡಿ, ಮುಯ್ಯಿ ಅಂದ್ರೆ ವಾಪಸ್ ಹಾಕ್ಬೇಕಾದ ಋಣ, ಅದಕ್ಕೇ ಬರೆದಿಡ್ತೀವಿ ಅಂತ ಒಂದು ಪ್ಯಾರಾ ಸೇರ್ಸಿದೆ.

ಟ್ರಾನ್ಸ್‌ಲೇಷನ್‌ದು ಒಂದು ಗೋಳು. ಮೈದುನ ಇಂಗ್ಲಿಷ್ ಲೆಕ್ಚರರ್, ಲಗ್ನಪತ್ರಿಕೆ, ಮುಯ್ಯಿ ಪುಸ್ತಕ ಎಲ್ಲಾ ಎರಡು ರಾತ್ರಿ ಕೂತು ಮಾಡ್ಕೊಟ್ಟ, ಆಮೇಲೆ ಸರಿಯಾಗಿ ಓದಿದ್ರೆ ಮನೆಯವ್ರು ಮಾಡಿದ್ದು ನಡೆಯಲ್ಲ! ಹೊರಗಿನ ಟ್ರಾನ್ಸ್‌ಲೇಟರ್ ಹತ್ರ ಅಫಿಡವಿಟ್ ಸಮೇತ ಮತ್ತೆ ಮಾಡ್ಸಿದ್ವಿ. ಚಿ||ಸೌ|| ಅನ್ನೋದಕ್ಕೆ ಅವ್ರು ಅರ್ಧ ಸಾಲು ಬರೆದಿದ್ರು ಪಾಪ.

ಫೋಟೋ ಇಪ್ಪತ್ತು ಮೀರ್ಬಾರ್ದು, ಚಾಟ್ ಹತ್ತು ಪುಟ. ಆಲ್ಬಮ್ ಫೋಟೋದಲ್ಲಿ ನಾವಿಬ್ರೂ ಗೊಂಬೆ ಥರ ನಿಂತಿದ್ದೀವಿ, ಅದ್ರಲ್ಲಿ ಮೂರೇ ತಗೊಂಡೆ. ಮಿಕ್ಕಿದ್ದು ತಮ್ಮನ ಮೊಬೈಲಲ್ಲಿ ತೆಗೆದಿದ್ದು, ಬೀಗರೂಟದಲ್ಲಿ ಬಡಿಸ್ತಾ ಇರೋದು, ದೇವರಾಯನದುರ್ಗದಲ್ಲಿ ಚಪ್ಪಲಿ ಕೈಲಿ ಹಿಡ್ಕೊಂಡು ಹತ್ತೋದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದೆ ಅವ್ರ ಮುಖ. ಇನ್ನೊಂದು ತೊಡಕು, ನಮ್ಮಲ್ಲಿ ಆರತಕ್ಷತೆ ಹಿಂದಿನ ರಾತ್ರಿ. ಸರ್ಟಿಫಿಕೇಟಲ್ಲಿ ಮದ್ವೆ ಭಾನುವಾರ, ಫೋಟೋದಲ್ಲಿ ಶನಿವಾರವೇ ಹಾರ ಹಾಕ್ಕೊಂಡು ಸ್ಟೇಜ್ ಮೇಲೆ ಕೂತಿದ್ದೀವಿ, ನೋಡಿದವ್ರು ಏನಂದ್ಕೊಳ್ಬೇಕು? ಪ್ರತಿ ಫೋಟೋ ಕೆಳಗೆ ದಿನ, ಜಾಗ, ಯಾರ್ ಯಾರು ಅಂತ ಬರೆದೆ.

ಆಷಾಢದ್ದು ಇನ್ನೂ ಕಷ್ಟ. ಆ ವರ್ಷ ಜೂನ್ 19ಕ್ಕೆ ಆಷಾಢ ಶುರು, ನನ್ನ ತವರಿಗೆ ಕರ್ಕೊಂಡ್ ಬಂದ್ರು, ಅವ್ರಿಗೆ ಇನ್ನೂ ಎರಡು ವಾರ ರಜಾ ಇತ್ತು! ಮದ್ವೆಯಾಗಿ ಮೂರೇ ವಾರಕ್ಕೆ ಗಂಡ ಒಂದೂರು ಹೆಂಡ್ತಿ ಒಂದೂರು ಅಂದ್ರೆ ಹೊರಗಿನವ್ರಿಗೆ ಜಗಳ ಥರಾನೇ ಕಾಣೋದು. ಮುಚ್ಚಿಡ್ಲಿಲ್ಲ, ಅತ್ತೆ ಸೊಸೆ ಒಂದೇ ಹೊಸಿಲು ದಾಟ್ಬಾರ್ದು ಅನ್ನೋ ಪದ್ಧತಿ ಅಂತ ನೇರ ಬರೆದು, ಆ ಎರಡು ವಾರದ ಕಾಲ್ ಲಾಗ್ ಹಾಕಿದ್ವಿ. ದಿನಕ್ಕೆ ಏಳೆಂಟು ಕಾಲ್ ಇತ್ತು, ಈಗ ನೋಡಿದ್ರೆ ನಾಚ್ಕೆ ಆಗುತ್ತೆ.

ಚಾಟ್‌ಗೆ ಹತ್ತು ಪುಟ ಆರಿಸ್ಬೇಕಾದ್ರೆ ಗೊತ್ತಾಗಿದ್ದು, ನಮ್ಮಿಬ್ರ ಮಧ್ಯೆ ಪ್ರೀತಿ ಅನ್ನೋ ಪದಾನೇ ಇಲ್ಲ. ಊಟ ಆಯ್ತಾ, ಏನ್ ಸಾರು, ಮಲ್ಕೊಂಡ್ಯಾ, ಅಪ್ಪಂಗೆ ಬಿಪಿ ಮಾತ್ರೆ ತಂದ್ಯಾ. ಯಾರೋ ಸ್ವಲ್ಪ ರೊಮ್ಯಾಂಟಿಕ್ ಇರೋದು ಹಾಕಿ ಅಂದ್ರು, ನಾನು ಊಟ ಆಯ್ತಾನೇ ಹಾಕಿದೆ, ತಿಂಗ್ಳಿಗೆ ಒಂದು ಪುಟದ ಹಾಗೆ.

ಬ್ಯಾಂಕ್‌ದು ನಮ್ದು ವೀಕು. ಅವ್ರ ಎನ್‌ಆರ್‌ಒ ಅಕೌಂಟಿಗೆ (ಹೊರದೇಶದಲ್ಲಿರೋರು ಇಲ್ಲಿನ ಬ್ಯಾಂಕಲ್ಲಿ ಇಟ್ಕೊಳ್ಳೋದು) ನನ್ನ ಹೆಸ್ರು ಸೇರ್ಸಿದ್ವಿ, ಅದು ಫಾರ್ಮರ್ ಆರ್ ಸರ್ವೈವರ್, ಅವ್ರು ಇರೋವರೆಗೂ ಅವ್ರೇ ಆಪರೇಟ್ ಮಾಡೋದು. ತೋರ್ಸಕ್ಕೆ ಅಂತಾನೇ ಅಕೌಂಟ್ ತೆಗೆದ್ರೆ ಖಾಲಿ ಸ್ಟೇಟ್‌ಮೆಂಟೇ ಹೇಳ್ಬಿಡುತ್ತೆ. ಅದ್ರ ಬದ್ಲು ಅವ್ರ ಇನ್ಶೂರೆನ್ಸ್‌ಗೆ ನಾನು ನಾಮಿನಿ ಆಗಿದ್ದು, ಆಧಾರಲ್ಲಿ ಗುಬ್ಬಿ ಮನೆ ಅಡ್ರೆಸ್, ರೇಷನ್ ಕಾರ್ಡಿಗೆ ಹೆಸ್ರು ಸೇರಿದ್ದು, ಇವೆಲ್ಲಾ ಹಾಕಿದ್ವಿ. ಇನಿಷಿಯಲ್ ಒಂದೊಂದ್ರಲ್ಲಿ ಒಂದೊಂಥರ ಇತ್ತು, ನೋಟರಿ ಅಫಿಡವಿಟ್ ಮಾಡ್ಸಿದೆ. ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್), ಮೆಡಿಕಲ್, ಬಯೋಮೆಟ್ರಿಕ್ಸ್ ಎಲ್ರಿಗೂ ಇರೋದೇ.

ಪಿಆರ್ ಬಂತು, ನಾನೂ ಬಂದೆ. ಮೊನ್ನೆ ಅಮ್ಮ ಫೋನ್ ಮಾಡಿದ್ರು, ಮನೆಗೆ ಸುಣ್ಣ ಬಣ್ಣ ಮಾಡ್ಸೋವಾಗ ಮುಯ್ಯಿ ಪುಸ್ತಕ ಎಲ್ಲೋ ಹೋಗಿದೆ, ನೊಣವಿನಕೆರೆ ಅತ್ತೆ ಮಗಳ ಮದ್ವೆ ಭಾನುವಾರ, ಅವ್ರು ನಿಂಗೆ ಎಷ್ಟು ಹಾಕಿದ್ರು ಅಂತ. ಲ್ಯಾಪ್‌ಟಾಪ್ ತೆಗೆದು ಪಿಆರ್ ಫೈಲ್ ಓಪನ್ ಮಾಡಿ ನೋಡಿ ಹೇಳ್ದೆ, ಮೂರನೇ ಪುಟ, ಸಾವಿರದ ಒಂದು.