ಎಂಟು ಮಕ್ಕಳಿದ್ದರೆ ಸಾಕು: ಊರಿನ ಟೆನಿಸ್ ತಂಡ ಕಟ್ಟುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಮಕ್ಕಳ ಟೆನಿಸ್ ತಂಡ ಕಟ್ಟಲು ಹೊರಟವರು ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿ ಮುಂದಿಟ್ಟುಕೊಳ್ಳಿ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷಾ ಕಳೆಯುವವರೆಗೆ ಸಿಮೆಂಟ್ ಕೋರ್ಟಿನ ಮೇಲೆ ಪಾಚಿ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು, ತೋಟದ ಮನೆಗಳಲ್ಲಿ ಮಕ್ಕಳನ್ನು ಪೇಟೆಗೆ ಕರೆತರಲು ಯಾರಿಗೂ ಪುರುಸೊತ್ತಿಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ. ಹಾಗಾಗಿ ಪಂದ್ಯಗಳನ್ನು ಅಕ್ಟೋಬರ್–ನವೆಂಬರ್ ಮತ್ತು ಏಪ್ರಿಲ್–ಮೇಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಶಾಲೆಯ ಹಾಲ್ ಕೇಳಿ ಪಡೆದು ಹಗ್ಗದಾಟ, ಗೋಡೆಗೆ ಚೆಂಡು ಹೊಡೆಯುವ ಅಭ್ಯಾಸ ಮಾಡಿಸಿ.

ಆಮೇಲೆ ಆಯ್ಕೆ. ಮೊದಲ ವರ್ಷ ನಾನು ಚೆನ್ನಾಗಿ ಆಡುವ ನಾಲ್ವರನ್ನೇ ಆಡಿಸಿದೆ, ಮಿಕ್ಕವರು ಚೆಂಡು ಹೆಕ್ಕಿಕೊಟ್ಟರು. ದೀಪಾವಳಿ ಹೊತ್ತಿಗೆ ಮೂವರು ಬರುವುದನ್ನೇ ಬಿಟ್ಟಿದ್ದರು. ಆ ಮಕ್ಕಳ ಮುಖ ಇನ್ನೂ ಕಣ್ಣ ಮುಂದಿದೆ. ಈಗ ಏಣಿ ಪದ್ಧತಿ ಇಟ್ಟಿದ್ದೇವೆ: ಹೆಸರುಗಳನ್ನು ಮೇಲಿಂದ ಕೆಳಕ್ಕೆ ಬರೆದು ಕೋರ್ಟಿನ ಬೇಲಿಗೆ ಕಟ್ಟುತ್ತೇವೆ. ಯಾರು ಬೇಕಾದರೂ ತಮಗಿಂತ ಎರಡು ಮೆಟ್ಟಿಲು ಮೇಲಿನವರವರೆಗೆ ಸವಾಲು ಹಾಕಬಹುದು, ಗೆದ್ದರೆ ಜಾಗ ಅದಲುಬದಲು. ಯಾರನ್ನು ಎಲ್ಲಿ ಆಡಿಸಬೇಕೆಂಬ ಜಗಳ ಇದರಿಂದಲೇ ಮುಗಿಯಿತು.

ದೇಶ ದೇಶಗಳ ತಂಡಗಳು ಆಡುವ, 16 ವರ್ಷದೊಳಗಿನವರ ಜೂನಿಯರ್ ಡೇವಿಸ್ ಕಪ್‌ನಲ್ಲಿ ಎರಡು ಸಿಂಗಲ್ಸ್, ಒಂದು ಡಬಲ್ಸ್ ಇರುತ್ತದೆ. ನಮ್ಮೂರಿಗೆ ಅದು ಸಾಲದು. ನಾಲ್ಕು ಸಿಂಗಲ್ಸ್ ಇಡಿ, ಎರಡು ಡಬಲ್ಸ್‌ಗೆ ಉಳಿದ ನಾಲ್ವರನ್ನು ಹಾಕಿ. ಎಂಟೂ ಮಕ್ಕಳು ಆಡುತ್ತಾರೆ. ಸೆಟ್ ನಾಲ್ಕು ಗೇಮಿಗೆ, ಡ್ಯೂಸ್ (40–40 ಸಮ) ಆದರೆ ಒಂದೇ ನಿರ್ಣಾಯಕ ಪಾಯಿಂಟ್. ಡಬಲ್ಸ್ ಎಂದರೆ ಮೂಗು ಮುರಿಯುವ ಪೋಷಕರಿಗೆ ಕೊಡಗಿನ ಕಾಫಿ ತೋಟದಲ್ಲಿ ಬೆಳೆದ ರೋಹನ್ ಬೋಪಣ್ಣ ಅವರ ಹೆಸರು ಹೇಳಿ. 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ.

ಹತ್ತರೊಳಗಿನ ಮಕ್ಕಳಿಗೆ ಮಾಮೂಲಿ ಹಳದಿ ಚೆಂಡು ಕೊಡಲೇಬೇಡಿ, ಅದು ಪುಟಿದು ಅವರ ತಲೆಯ ಮೇಲಿಂದ ಹೋಗುತ್ತದೆ. ಕೆಂಪು ಚೆಂಡಿನ ವೇಗ ಶೇ 75ರಷ್ಟು ಕಡಿಮೆ, ಸುಮಾರು 11 ಮೀಟರ್ ಉದ್ದದ ಪುಟ್ಟ ಅಂಗಳ ಸಾಕು. ಕಿತ್ತಳೆ ಚೆಂಡು ಶೇ 50ರಷ್ಟು ನಿಧಾನ, ಅದಕ್ಕೆ 18 ಮೀಟರ್. ಹಸಿರು ಚೆಂಡು ಬಂದಾಗ 23.77 ಮೀಟರಿನ ಪೂರ್ತಿ ಕೋರ್ಟು. ಈ ವಯಸ್ಸಿನವರ ಸ್ಪರ್ಧೆಗಳಿಗೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ ಇದನ್ನೇ ನಿಯಮ ಮಾಡಿದೆ.

ಅಂಪೈರ್ ಇಲ್ಲದ ಪಂದ್ಯದಲ್ಲಿ ತನ್ನ ಅಂಗಳಕ್ಕೆ ಬಿದ್ದ ಚೆಂಡಿನ ತೀರ್ಪು ಆಟಗಾರರದ್ದೇ. ಗೆರೆ ಮುಟ್ಟಿದರೂ ಒಳಗೆ. ಅನುಮಾನ ಬಂದರೆ ಎದುರಾಳಿಗೆ ಬಿಟ್ಟುಕೊಡಬೇಕು. ಸರ್ವಿಸ್‌ಗಿಂತ ಮೊದಲು ಇದನ್ನು ಕಲಿಸಿ. ಬೇಲಿಯಾಚೆಯಿಂದ ‘ಔಟ್’ ಎಂದು ಕೂಗುವ ಅಪ್ಪ ಅಮ್ಮಂದಿರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, ಆದರೆ ಖಡಾಖಂಡಿತವಾಗಿ ಹೇಳಿ.

ದುಡ್ಡಿನ ಲೆಕ್ಕ ಇಬ್ಬರ ಕೈಯಲ್ಲಿರಲಿ, ಪ್ರತಿ ತಿಂಗಳು ವಾಟ್ಸಾಪ್ ಗುಂಪಿಗೆ ಹಾಕಿ. ಹೊಸ ಚೆಂಡು ಪಂದ್ಯಕ್ಕೆ, ಹಳತು ಅಭ್ಯಾಸಕ್ಕೆ.

ಮೊದಲ ಪಂದ್ಯಕ್ಕೆ ಹಾಸನದ ಮಕ್ಕಳನ್ನೇ ಕೇಳಿ. ಸುಮಾರು 60 ಕಿಲೋಮೀಟರ್ ದಾರಿ, ಬೆಳಿಗ್ಗೆ ತಿಂಡಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮನೆ. ಮುಂದಿನ ತಿಂಗಳು ಅವರು ಇಲ್ಲಿಗೆ ಬರಲಿ, ಊಟ ನಮ್ಮ ಕಡೆಯಿಂದ.