ವಿವಾಹ ಪ್ರಮಾಣಪತ್ರಕ್ಕೆ ಒಂದೇ ಪ್ರತಿ ಸಾಲದು: ದಸ್ತಾವೇಜು ಬರಹಗಾರನ ಅನುಭವ

ವಿವಾಹ ನೋಂದಣಿಯಾದ ದಿನವೇ ಮೂಲ ಪ್ರಮಾಣಪತ್ರದ ಜೊತೆಗೆ, ನೋಂದಣಾಧಿಕಾರಿಯೇ ಸಹಿ ಮೊಹರು ಹಾಕಿ ಕೊಡುವ ನಾಲ್ಕು ದೃಢೀಕೃತ ನಕಲುಗಳಿಗೂ ಅರ್ಜಿ ಹಾಕಿಸುವ ಪದ್ಧತಿಯನ್ನು ನಾನು ಆರಂಭಿಸಿದಾಗ, ಉಪನೋಂದಣಾಧಿಕಾರಿ ಕಚೇರಿಯ ಮುಂದೆ ನನ್ನ ಸಾಲಿನಲ್ಲೇ ಕುಳಿತು ಬರೆಯುವ ಹಿರಿಯ ಬರಹಗಾರರು ಅದನ್ನು ಒಪ್ಪಲಿಲ್ಲ. “ಒಂದು ಪ್ರತಿ ತೆಗೆದು ಜೆರಾಕ್ಸ್ ಮಾಡಿಸಿದರೆ ಆಯಿತಲ್ಲ ಮಾರಾಯ್ರೆ, ಮದುವೆಗೆ ಸಾಲ ಮಾಡಿ ಬಂದವರ ಮೇಲೆ ಮತ್ತೆ ಯಾಕೆ ಹೊರೆ?” ಎಂದರು. ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಕಾವೇರಿ 2.0 ಬಂದ ಮೇಲಂತೂ, ಮನೆಯಲ್ಲೇ ಕುಳಿತು ನೋಂದಣಿ ಮಾಡಿಕೊಳ್ಳುವ ಕಾಲದಲ್ಲಿ ನಕಲಿನ ಮಾತೇ ಬೇಡವೆಂದು ವಾದಿಸಿದವರೂ ಇದ್ದರು. ಈಗ ಅವರಲ್ಲಿ ಕೆಲವರು ತಮ್ಮ ಕಕ್ಷಿದಾರರಿಗೆ ಇದೇ ಸಲಹೆಯನ್ನು ಕೊಡುತ್ತಿರುವುದರಿಂದ, ಈ ಪದ್ಧತಿ ಹೇಗೆ ರೂಪುಗೊಂಡಿತೆಂಬುದನ್ನು ಬರೆದಿಡುತ್ತಿದ್ದೇನೆ. ಅರ್ಜಿ ನಮೂನೆ, ಸಾಕ್ಷಿದಾರರು, ಲಗ್ನಪತ್ರಿಕೆ, ಫೋಟೋಗಳ ವಿವರವನ್ನು ವೃತ್ತಿಬಾಂಧವರಿಗೆ ಹೇಳಬೇಕಾಗಿಲ್ಲ.

ಮೊದಲು ನಾನು ಕಂಡ ದಾರಿ ನೋಟರಿಯದು. ಮೂಲಪ್ರತಿಯ ಜೆರಾಕ್ಸಿಗೆ ನೋಟರಿ ಮೊಹರು ಹಾಕಿಸಿ ಐದಾರು ಪ್ರತಿಗಳ ಕಟ್ಟು ಮಾಡಿ ಕೊಡುತ್ತಿದ್ದೆ. ಪ್ರತಿಯೊಂದಕ್ಕೆ ಸುಮಾರು ಐವತ್ತು ರೂಪಾಯಿ ತಗಲುತ್ತಿತ್ತು. ಜಂಟಿ ಖಾತೆ ತೆರೆಯಲು, ಗ್ಯಾಸ್ ಸಂಪರ್ಕ ವರ್ಗಾಯಿಸಲು ಅದು ನಡೆಯಿತು. ಆದರೆ ವಿದೇಶದ ಕಡತಕ್ಕೆ ಅದು ಏನೇನೂ ಉಪಯೋಗವಾಗಲಿಲ್ಲ, ಏಕೆಂದರೆ ಅಲ್ಲಿ ಕೇಳುವುದು ನೋಂದಣಾಧಿಕಾರಿಯ ಸಹಿಯೇ ಹೊರತು, ಆ ಸಹಿಯ ಛಾಯಾಪ್ರತಿಯ ಮೇಲೆ ನೋಟರಿ ಹಾಕಿದ ಸಹಿಯಲ್ಲ. ಆನಂತರ ಕೆಲವರು ಬಣ್ಣದ ಜೆರಾಕ್ಸ್ ಮಾಡಿಸಿಕೊಂಡು ಹೋದರು. ಒಂದು ಕಚೇರಿಯ ಗುಮಾಸ್ತರು ಮೊಹರಿನ ಮೇಲೆ ಬೆರಳು ಒದ್ದೆ ಮಾಡಿ ಉಜ್ಜಿ, ಶಾಯಿ ಕದಡಲಿಲ್ಲವೆಂದು ಆ ಹೊಸ ದಂಪತಿಗಳನ್ನೇ ಸಂಶಯದಿಂದ ನೋಡಿದರು. ಬಣ್ಣದ ಪ್ರತಿಯನ್ನು ನಾನು ಅಂದಿನಿಂದ ಯಾರಿಗೂ ಮಾಡಿಸಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಣ ಕಳೆದದ್ದು ಲ್ಯಾಮಿನೇಷನ್. ನಮ್ಮ ದಕ್ಷಿಣ ಕನ್ನಡದಲ್ಲಿ ಗಲ್ಫಿನ ನಂಟಿಲ್ಲದ ಬೀದಿಯೇ ಇಲ್ಲ. ದುಬೈಯಲ್ಲಿ ಕೆಲಸದಲ್ಲಿದ್ದ ಒಬ್ಬ ಹುಡುಗ ತಿಂಗಳ ರಜೆಯಲ್ಲಿ ಬಂದು ಮದುವೆಯಾಗಿ ಹಿಂತಿರುಗಿದ. ಪ್ರಮಾಣಪತ್ರ ಹಾಳಾಗಬಾರದೆಂಬ ಕಾಳಜಿಯಿಂದ ಹುಡುಗಿಯ ತಂದೆ ಅದನ್ನು ಮರುದಿನವೇ ಲ್ಯಾಮಿನೇಟ್ ಮಾಡಿಸಿಟ್ಟರು. ರಾಯಭಾರ ಕಚೇರಿಯ ಮೊಹರಿಲ್ಲದೆಯೇ ಪರಸ್ಪರರ ದಾಖಲೆಗಳನ್ನು ಒಪ್ಪುವ ದೇಶಗಳ ಹೇಗ್ ಒಪ್ಪಂದದಲ್ಲಿ ಯುಎಇ ಇಲ್ಲದ ಕಾರಣ, ಅಲ್ಲಿಗೆ ಹೆಂಡತಿಯನ್ನು ಕರೆಸಿಕೊಳ್ಳಲು ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ಮೊಹರು, ಆ ದೇಶದ ರಾಯಭಾರ ಕಚೇರಿಯ ಅಟೆಸ್ಟೇಷನ್ ಒಂದರ ಮೇಲೊಂದು ಅದೇ ಕಾಗದದ ಬೆನ್ನಿಗೆ ಬೀಳಬೇಕು. ಪ್ಲಾಸ್ಟಿಕ್ಕಿನ ಮೇಲೆ ಮೊಹರು ಕೂರುವುದಿಲ್ಲ. ಅವರ ಮನೆಯವರು ಇಸ್ತ್ರಿ ಪೆಟ್ಟಿಗೆಯ ಬಿಸಿ ಕೊಟ್ಟು ಹಾಳೆ ಬಿಡಿಸಲು ನೋಡಿದಾಗ ವಧುವಿನ ಹೆಸರು, ಮದುವೆಯ ದಿನಾಂಕ ಮತ್ತು ಅರ್ಧ ಮೊಹರು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಮೇಲೆದ್ದವು. ನನ್ನ ಮೇಜಿನ ಮೇಲೆ ಇಟ್ಟ ಕಾಗದದಲ್ಲಿ ಉಳಿದಿದ್ದುದು ವರನ ಹೆಸರು ಮತ್ತು ಸಾಕ್ಷಿಗಳ ಸಾಲು. ಏಜೆಂಟರಿಗೆ ಮುಂಗಡ ಕೊಟ್ಟ ಹಣ, ಬದಲಾಯಿಸಿದ ಟಿಕೆಟು ಎಲ್ಲ ಸೇರಿ ಇಪ್ಪತ್ತು ಸಾವಿರದ ಹತ್ತಿರ ಹೋಯಿತೆಂದು ನೆನಪು. ಕಚೇರಿಯಿಂದ ಹೊಸ ದೃಢೀಕೃತ ನಕಲು ತೆಗೆಯಲು ತಗಲಿದ್ದು ಅದರ ನೂರರಲ್ಲಿ ಒಂದು ಪಾಲೂ ಅಲ್ಲ.

ನನ್ನ ಪದ್ಧತಿಗೆ ಆಧಾರವಾದದ್ದು ನಾವೆಲ್ಲರೂ ಬಲ್ಲ ಕಲಮು. 1955ರ ಹಿಂದೂ ವಿವಾಹ ಕಾಯ್ದೆಯ 8ನೆಯ ಕಲಮಿನ ಪ್ರಕಾರ, ಅರ್ಜಿ ಸಲ್ಲಿಸಿ ನಿಗದಿತ ಶುಲ್ಕ ಕಟ್ಟಿದವರಿಗೆ ವಿವಾಹ ರಿಜಿಸ್ಟರಿನ ದೃಢೀಕೃತ ಉದ್ಧೃತವನ್ನು, ಅಂದರೆ ನಾವು ನಕಲು ಎನ್ನುವುದನ್ನು, ನೋಂದಣಾಧಿಕಾರಿ ಕೊಡಲೇಬೇಕು. 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ ಇಂಥದೇ ಅವಕಾಶವಿದೆ. ಎಷ್ಟು ಪ್ರತಿ ಎಂಬುದಕ್ಕೆ ಆ ಕಲಮು ಮಿತಿ ಹಾಕಿಲ್ಲ. ಹಾಗಿರುವಾಗ, ದಂಪತಿಗಳಿಬ್ಬರೂ ಎದುರಿಗೇ ಇರುವ ದಿನ, ರಿಜಿಸ್ಟರಿನ ಪುಟ ತೆರೆದೇ ಇರುವಾಗ ಅರ್ಜಿ ಹಾಕುವುದನ್ನು ಬಿಟ್ಟು, ಎರಡು ವರ್ಷದ ನಂತರ ಅಳಿಯ ಮಸ್ಕತ್ತಿನಲ್ಲಿ, ಮಗಳು ಬೆಂಗಳೂರಿನಲ್ಲಿ ಇರುವಾಗ ಮುದಿ ತಂದೆಯನ್ನು ಸಾಲಿನಲ್ಲಿ ನಿಲ್ಲಿಸುವುದರಲ್ಲಿ ಯಾವ ನ್ಯಾಯವಿದೆ?

ನಾಲ್ಕು ಎಂಬ ಸಂಖ್ಯೆ ಸುಮ್ಮನೆ ಹುಟ್ಟಿದ್ದಲ್ಲ. ಮೊದಲು ಎರಡು ಸಾಕೆಂದು ಲೆಕ್ಕ ಹಾಕಿದ್ದೆ. ಒಂದು ಮನೆಗೆ, ಒಂದು ಓಡಾಟಕ್ಕೆ. ಮದುವೆಯಾದ ಮೊದಲ ವರ್ಷದಲ್ಲಿ ಕೆಲಸಗಳು ಒಂದರ ನಂತರ ಒಂದು ಬರುವುದಿಲ್ಲ, ಒಟ್ಟಿಗೇ ಬರುತ್ತವೆ ಎಂಬುದು ಆಮೇಲೆ ಅನುಭವದಿಂದ ತಿಳಿಯಿತು. ಆಧಾರ್ ಮತ್ತು ಪ್ಯಾನ್‌ನಲ್ಲಿ ಹೆಸರು ಬದಲಾಯಿಸುವುದು, ಗಂಡನ ಕಂಪನಿಯ ಆರೋಗ್ಯ ವಿಮೆಗೆ ಹೆಂಡತಿಯನ್ನು ಸೇರಿಸುವುದು, ಜಂಟಿ ಗೃಹಸಾಲ ಇವೆಲ್ಲ ಸಾಮಾನ್ಯ. ಭವಿಷ್ಯನಿಧಿಯ ವಿಷಯದಲ್ಲಿ ಅನೇಕರು ನಿರ್ಲಕ್ಷ್ಯ ತೋರುತ್ತಾರೆ; ಮದುವೆಗೆ ಮುಂಚೆ ಮಾಡಿದ ನಾಮನಿರ್ದೇಶನವು ಮದುವೆಯೊಂದಿಗೆ ಅಸಿಂಧುವಾಗುತ್ತದೆಂದು ಯೋಜನೆಯೇ ಹೇಳುವುದರಿಂದ ಅದನ್ನು ಹೊಸದಾಗಿ ಮಾಡಲೇಬೇಕೆಂದು ನಾನು ಪ್ರತಿ ಜೋಡಿಗೂ ಒತ್ತಿ ಹೇಳುತ್ತೇನೆ. ಶಿಕ್ಷಕರಾದರೆ ವರ್ಗಾವಣೆಯ ಪತಿ-ಪತ್ನಿ ಪ್ರಕರಣದ ಕಡತ, ಸೈನಿಕರಾದರೆ ತಮ್ಮ ಘಟಕದಲ್ಲಿ ಮದುವೆಯನ್ನು ಸೇವಾ ದಾಖಲೆಗೆ ಸೇರಿಸುವ ಪಾರ್ಟ್ ಟು ಆರ್ಡರ್, ಅಂತರ್ಜಾತಿ ವಿವಾಹವಾದವರಿಗೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನದ ಅರ್ಜಿ. ಸೈನಿಕನ ರಜೆ ಮುಗಿಯುವುದರೊಳಗೆ ಅವನ ಕೈಗೆ ಒಂದು ಪ್ರತಿ ಕೊಟ್ಟು ಕಳುಹಿಸಿ, ಇನ್ನೊಂದು ಹೆಂಡತಿಯ ಬಳಿ ಇಲ್ಲೇ ಇದ್ದರೆ ಮಾತ್ರ ಎರಡೂ ಕಡೆಯ ಕೆಲಸ ಸಾಗುತ್ತದೆ.

2016ರ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯವು ಪಾಸ್‌ಪೋರ್ಟ್ ಅರ್ಜಿಗೆ ವಿವಾಹ ಪ್ರಮಾಣಪತ್ರ ಬೇಕಿಲ್ಲವೆಂದು ಪ್ರಕಟಿಸಿದ ಮೇಲೆ, ಇದರ ಅಗತ್ಯವೇ ಕಡಿಮೆಯಾಯಿತೆಂದು ನಮ್ಮಲ್ಲಿ ಹಲವರು ನಂಬಿದರು. ಪಾಸ್‌ಪೋರ್ಟ್ ಸಿಗುವುದು ಬೇರೆ, ಗಂಡನ ಜೊತೆ ಹೋಗುವ ವೀಸಾ ಸಿಗುವುದು ಬೇರೆ. ಅಮೆರಿಕದ ಎಚ್-4 ವೀಸಾಕ್ಕೆ ಚೆನ್ನೈಗೋ ಹೈದರಾಬಾದಿಗೋ ಸಂದರ್ಶನಕ್ಕೆ ಹೊರಡುವ ಹುಡುಗಿ ಮೂಲ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಅದೇ ವಾರ ಬ್ಯಾಂಕಿನವರು ಮೂಲಪ್ರತಿ ತೋರಿಸಿ ಎಂದರೆ ಅವಳ ಗಂಡ ಏನನ್ನು ತೋರಿಸಬೇಕು?

ಪದ್ಧತಿ ನಿಜವಾಗಿ ಗೆದ್ದದ್ದು ಒಂದು ಗಲ್ಫ್ ಪ್ರಕರಣದಲ್ಲಿ. ಯುಎಇಗಾಗಿ ಮೂರು ಹಂತದ ಮೊಹರು ಬಿದ್ದ ಪ್ರತಿಯನ್ನು ಹಿಡಿದು ಹೆಂಡತಿ ದುಬೈ ಸೇರಿದ ಮೇಲೆ, ವರ್ಷ ತುಂಬುವುದರೊಳಗೆ ಕಂಪನಿ ಗಂಡನನ್ನು ಒಮಾನಿಗೆ ಕಳುಹಿಸಿತು. ಒಮಾನ್ 2012ರಿಂದ ಹೇಗ್ ಒಪ್ಪಂದದಲ್ಲಿದೆ, ಭಾರತ 2005ರಿಂದ ಇದೆ. ಆದ್ದರಿಂದ ಅಲ್ಲಿಗೆ ಅಪೊಸ್ಟಿಲ್, ಅಂದರೆ ಆ ಒಪ್ಪಂದದಂತೆ ನಮ್ಮ ವಿದೇಶಾಂಗ ಸಚಿವಾಲಯ ಅಂಟಿಸುವ ದೃಢೀಕರಣ ಚೀಟಿ, ಸಾಕು, ಆದರೆ ಅದನ್ನು ಅಂಟಿಸಲು ಆ ಹಳೆಯ ಕಾಗದದ ಬೆನ್ನಿನಲ್ಲಿ ಜಾಗವೇ ಉಳಿದಿರಲಿಲ್ಲ. ಹುಡುಗಿಯ ಅಣ್ಣ ನಾನು ಮಾಡಿಸಿಕೊಟ್ಟಿದ್ದ ಲಕೋಟೆಯಿಂದ ಯಾವ ಮೊಹರೂ ಬೀಳದ ಮೂರನೆಯ ನಕಲನ್ನು ತೆಗೆದು ಬೆಂಗಳೂರಿಗೆ ಕೊಂಡೊಯ್ದರು. ವಾರ ಹತ್ತು ದಿನಗಳಲ್ಲಿ ಕೆಲಸ ಮುಗಿಯಿತು. ಸಚಿವಾಲಯದ ಅಪೊಸ್ಟಿಲ್ ಶುಲ್ಕ ಐವತ್ತು ರೂಪಾಯಿ ಮಾತ್ರ, ಅದರ ಮೇಲೆ ಸಚಿವಾಲಯದ ಪರವಾಗಿ ಕಾಗದ ಸ್ವೀಕರಿಸುವ ಸಂಸ್ಥೆಯ ಸಣ್ಣ ಶುಲ್ಕ. ಇದೇ ಕೆಲಸಕ್ಕೆ ಆರೇಳು ಸಾವಿರ ಕೇಳುವ ಏಜೆಂಟರನ್ನು ನಾನು ಕಂಡಿದ್ದೇನೆ. ರಾಜ್ಯ ಹಂತದ ದೃಢೀಕರಣಕ್ಕೆ ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಕಡತ ಹಿಂತಿರುಗುವುದಿಲ್ಲ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಅದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದಿವೆ.

ಸಂಗ್ರಹದ ಬಗ್ಗೆಯೂ ಸ್ವಲ್ಪ ಪ್ರಯೋಗ ಮಾಡಿದೆ. ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಕವರಿನಲ್ಲಿ ಹಳೆಯ ಲೇಸರ್ ಪ್ರಿಂಟ್‌ಗಳನ್ನು ಹಾಕಿ ಬೀರುವಿನಲ್ಲಿ ಒಂದು ಮಳೆಗಾಲ ಇಟ್ಟೆ. ಆಟಿ ತಿಂಗಳು ಕಳೆಯುವಷ್ಟರಲ್ಲಿ ಅಕ್ಷರಗಳು ಕವರಿಗೆ ಅಂಟಿಕೊಂಡಿದ್ದವು. ಬಟ್ಟೆಯ ಒಳಪದರವಿರುವ ಕಂದು ಲಕೋಟೆಯಲ್ಲಿಟ್ಟವು ಸ್ವಲ್ಪ ಮೆತ್ತಗಾದರೂ ಅಕ್ಷರ ಕೆಡಲಿಲ್ಲ. ಅಂದಿನಿಂದ ನನ್ನ ಎಲ್ಲ ಕಟ್ಟುಗಳೂ ಬಟ್ಟೆ ಲಕೋಟೆಯಲ್ಲೇ ಹೋಗುತ್ತವೆ, ಮಡಿಸದೆ.

ಕಾವೇರಿಯ ಡಿಜಿಟಲ್ ಪ್ರತಿಯನ್ನು ನಾನು ವಿರೋಧಿಸುವವನಲ್ಲ. ಆನ್‌ಲೈನ್ ಅರ್ಜಿಗಳಿಗೆ ಅದು ಬಹಳ ಅನುಕೂಲ, ಸ್ಕ್ಯಾನ್ ಮಾಡುವ ಕೆಲಸವೂ ಉಳಿಯುತ್ತದೆ. ಆದರೆ ಅದರಲ್ಲಿ ಹೆಸರು ಆಧಾರ್‌ನಿಂದ ಬರುತ್ತದೆ, ವಿದೇಶದ ಕಡತದಲ್ಲಿ ಹೆಸರು ಪಾಸ್‌ಪೋರ್ಟಿನಿಂದ ಹೋಗುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ ಇದ್ದು ಪಾಸ್‌ಪೋರ್ಟಿನಲ್ಲಿ ಪೂರ್ಣ ಹೆಸರಿದ್ದರೆ ನಾಲ್ಕು ನಕಲುಗಳೂ ಒಂದೇ ರೀತಿ ತಪ್ಪಾಗಿ ಬರುತ್ತವೆ. ಆದ್ದರಿಂದ ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡದೆ ನಾನು ನೋಂದಣಿಗೆ ದಿನ ಗೊತ್ತುಮಾಡುವುದಿಲ್ಲ. ಹೋಲಿಕೆಯಾಗದಿದ್ದರೆ ಆಧಾರ್ ಸರಿಪಡಿಸಿಕೊಂಡೇ ಬರಲು ಹೇಳುತ್ತೇನೆ, ಮುಹೂರ್ತ ನೋಡಿ ಬಂದವರು ಬೇಸರಪಟ್ಟರೂ ಸರಿ.

ಈಗ ಅರ್ಜಿ ಬರೆಯುವುದು, ನಾಲ್ಕು ನಕಲು, ಲಕೋಟೆ ಎಲ್ಲ ಸೇರಿ ನನ್ನ ಸಂಭಾವನೆ ಸುಮಾರು ಆರುನೂರು ರೂಪಾಯಿ; ಕಚೇರಿಯ ಶುಲ್ಕವನ್ನು ದಂಪತಿಗಳೇ ಕಟ್ಟಿ ರಸೀದಿ ಇಟ್ಟುಕೊಳ್ಳುತ್ತಾರೆ. ಲಕೋಟೆಯ ಹೊರಗೆ ನೋಂದಣಿ ಸಂಖ್ಯೆ, ವರ್ಷ ಮತ್ತು ಕಚೇರಿಯ ಹೆಸರನ್ನು ಪೆನ್ಸಿಲಿನಲ್ಲಿ ಬರೆದು ಕೊಡುತ್ತೇನೆ. ಇಷ್ಟಿದ್ದರೆ ನಾಲ್ಕೂ ಮುಗಿದ ಮೇಲೆ ಐದನೆಯದನ್ನು ತೆಗೆಯಲು ರಿಜಿಸ್ಟರ್ ಹುಡುಕುವ ಕಷ್ಟವಿರುವುದಿಲ್ಲ.