ಬೋರ್‌ವೆಲ್ ಪೈಪ್ ಜಾಯಿಂಟ್ ಸೋರುತ್ತಿದೆಯಾ? ಮೇಲೆ ಮೆತ್ತಬೇಡಿ, ಬಿಚ್ಚಿ ಸರಿ ಮಾಡಿ

ಬೋರ್‌ವೆಲ್ ಪೈಪಿನ ಜಾಯಿಂಟ್ ಸೋರಿದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಎಂ-ಸೀಲ್ ತಂದು ಕಲಸಿ, ಒದ್ದೆ ಪೈಪಿನ ಮೇಲೇ ಮೆತ್ತಿಬಿಡುವುದು. ಸ್ವಲ್ಪ ದಿನ ನಿಲ್ಲುತ್ತದೆ, ಆಮೇಲೆ ಅದರ ಅಂಚಿನಿಂದಲೇ ಜಿನುಗುತ್ತದೆ. ಥ್ರೆಡ್ಡಿನಲ್ಲಿ, ಅಂದರೆ ಪೈಪನ್ನು ತಿರುಗಿಸಿ ಕೂರಿಸುವ ಸುರುಳಿ ಗೆರೆಗಳಲ್ಲಿ, ಸೋರುತ್ತಿದ್ದರೆ ಬಿಚ್ಚಲೇಬೇಕು. ಅದೇನು ಮನೆಯವರ ಕೈಲಿ ಆಗದ ಕೆಲಸವಲ್ಲ.

ಹನಿ ತಾನೇ ಅಂತ ಬಿಡಲೂಬೇಡಿ. ಸೆಕೆಂಡಿಗೊಂದು ಹನಿ ಅಂದರೆ ದಿನಕ್ಕೆ 86,400 ಹನಿ, ಕಡಿಮೆ ಅಂದರೂ ನಾಲ್ಕು ಲೀಟರ್. 2024ರ ಬೇಸಿಗೆಯಲ್ಲಿ ಬೋರ್ ಬತ್ತಿ ಟ್ಯಾಂಕರ್ ದಾರಿ ಕಾದ ಬೆಂಗಳೂರಿನವರಿಗೆ ಅದರ ಬೆಲೆ ಗೊತ್ತು.

ಮೊದಲು ಸೋರುವ ಜಾಗ ಹುಡುಕಿ. ನೀರು ಪೈಪಿನ ಮೇಲೆ ಹರಿದು ಬಂದು ಬೇರೆಲ್ಲೋ ತೊಟ್ಟಿಕ್ಕುತ್ತದೆ, ಹಾಗಾಗಿ ಹನಿ ಬೀಳುವ ಕಡೆ ನೋಡಿದರೆ ಸಾಲದು. ಬಟ್ಟೆಯಿಂದ ಪೂರ್ತಿ ಒರೆಸಿ, ಮೋಟಾರ್ ಆನ್ ಮಾಡಿ, ಮೇಲಿನಿಂದ ಕೆಳಗೆ ಬೆರಳಾಡಿಸುತ್ತಾ ಬನ್ನಿ. ನಮ್ಮ ಬೋರ್ ನೀರು ಗಡಸು, ಸೋರಿದ ಕಡೆ ಬಿಳಿ ಉಪ್ಪಿನ ಗೆರೆ ಕಟ್ಟಿರುತ್ತದೆ. ಆ ಗೆರೆ ಎಲ್ಲಿ ಶುರುವಾಗಿದೆಯೋ ಅಲ್ಲೇ ಸೋರಿಕೆ. ಮೋಟಾರ್ ಓಡುವಾಗ ಮಾತ್ರ ಕೇಸಿಂಗ್ (ಬೋರಿನ ದಪ್ಪ ಹೊರ ಪೈಪು) ಒಳಗೆ ನೀರು ಸುರಿಯುವ ಸದ್ದು ಬಂದರೆ ಒಳಗಿನ ಪೈಪೇ ಹೋಗಿರಬಹುದು. ಅದಕ್ಕೆ ಮೋಟಾರ್ ಎತ್ತುವವರನ್ನೇ ಕರೆಯಿರಿ, ನೀವು ಕೈ ಹಾಕಬೇಡಿ.

ಇನ್ನು ಕರೆಂಟು. ಸ್ಟಾರ್ಟರ್ ಬಟನ್ ಆಫ್ ಮಾಡಿದರೆ ಸಾಲದು. ಈಗ ಎಷ್ಟೋ ಮನೆಗಳಲ್ಲಿ ಆಟೋ ಸ್ಟಾರ್ಟರ್ ಇದೆ, ಟ್ಯಾಂಕ್ ಖಾಲಿಯಾದರೆ ಇಲ್ಲವೇ ಹೋದ ಕರೆಂಟು ವಾಪಸ್ ಬಂದರೆ ಮೋಟಾರ್ ತಾನೇ ಓಡಲು ಶುರು ಮಾಡುತ್ತದೆ. ಪೈಪ್ ಬಿಚ್ಚಿಟ್ಟಿರುವಾಗ ಹಾಗಾದರೆ ಗತಿ? ಮೋಟಾರಿನ ಪ್ಯಾನಲ್ ಬಾಕ್ಸಿಗೆ ಕರೆಂಟು ಕೊಡುವ ಎಂಸಿಬಿ ಸ್ವಿಚ್ಚನ್ನೇ ಇಳಿಸಿ, ಮನೆಯಲ್ಲಿ ಎಲ್ಲರಿಗೂ ಹೇಳಿ. ಆಮೇಲೆ ಪೈಪಿನಲ್ಲಿ ನಿಂತ ನೀರನ್ನು ಹೊರಗೆ ಬಿಡಿ.

ಬಿಚ್ಚುವ ಮುಂಚೆ ಯೂನಿಯನ್ (ಪೈಪ್ ತಿರುಗಿಸದೆಯೇ ಬಿಚ್ಚಬಹುದಾದ, ದೊಡ್ಡ ನಟ್ ಇರುವ ಜಾಯಿಂಟ್) ಎಲ್ಲಿದೆ ನೋಡಿಕೊಳ್ಳಿ. ಮಧ್ಯದ ಎಲ್ಬೋವನ್ನು (ಪೈಪ್ ತಿರುಗುವ ಕಡೆಯ ಬಾಗಿದ ತುಂಡು) ಹಾಗೇ ತಿರುಗಿಸಲು ಬರುವುದಿಲ್ಲ, ಯೂನಿಯನ್ ಬಿಚ್ಚಿದರೆ ಮಾತ್ರ ಉಳಿದದ್ದು ಕದಲುತ್ತದೆ. ಸೋರುತ್ತಿರುವುದು ಯೂನಿಯನ್ನೇ ಆಗಿದ್ದರೆ ಒಳಗೆ ರಬ್ಬರ್ ವಾಷರ್ ಇದೆಯಾ ನೋಡಿ, ಅದು ಗಟ್ಟಿಯಾಗಿದ್ದರೆ ಹೊಸದು ಹಾಕಿ. ಗೇಟ್ ವಾಲ್ವಿನ ಹಿಡಿಯ ಬುಡದಲ್ಲಿ ಜಿನುಗಿದರೆ ಅಲ್ಲಿರುವ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕು.

ಜಿಐ ಪೈಪಾದರೆ (ಸತು ಲೇಪಿಸಿದ ಕಬ್ಬಿಣದ ಪೈಪು) ಎರಡು ರೆಂಚ್ ಬೇಕೇ ಬೇಕು. ಒಂದರಲ್ಲಿ ಪೈಪ್ ಹಿಡಿಯಿರಿ, ಇನ್ನೊಂದರಲ್ಲಿ ತಿರುಗಿಸಿ. ಒಂದರಲ್ಲೇ ಜಗ್ಗಿದರೆ ಪಕ್ಕದ ಜಾಯಿಂಟೂ ಸಡಿಲವಾಗುತ್ತದೆ. ಬಿಚ್ಚಿದ ಮೇಲೆ ಹಳೇ ಟೇಪು, ತುಕ್ಕು, ಉಪ್ಪು ಎಲ್ಲವನ್ನೂ ವೈರ್ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಥ್ರೆಡ್ ಸವೆದಿದ್ದರೆ ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ಗಿಡ್ಡ ಪೈಪು) ಬದಲಾಯಿಸಿ. ಅಂಗಡಿಗೆ ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಒಂದಿಂಚೋ ಒಂದೂಕಾಲು ಇಂಚೋ ಅನ್ನುವ ಗೊಂದಲ ಇರುವುದಿಲ್ಲ.

ಈಗ ಟೆಫ್ಲಾನ್ ಟೇಪ್. ಹೆಚ್ಚು ಜನ ಎಡವುವುದು ಇಲ್ಲೇ. ನಿಪ್ಪಲಿನ ಬಾಯಿ ನಿಮ್ಮ ಕಡೆ ಇರಲಿ, ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಸುರುಳಿ ಬಿಚ್ಚಿಕೊಂಡು ಹೊರಗೆ ಬರುತ್ತದೆ. ಮೊದಲ ಥ್ರೆಡ್ ಖಾಲಿ ಬಿಡಿ, ಇಲ್ಲದಿದ್ದರೆ ಚೂರುಗಳು ಪೈಪಿನೊಳಗೆ ಹೋಗುತ್ತವೆ. ಟೇಪನ್ನು ಎಳೆದು ಹಿಡಿದು, ಬೆರಳಿನಿಂದ ಒತ್ತುತ್ತಾ, ಥ್ರೆಡ್ಡಿನ ಗೆರೆಗಳು ಟೇಪಿನ ಮೇಲೆ ಮೂಡುವ ಹಾಗೆ ಸುತ್ತಬೇಕು. ಅಂಗಡಿಯಲ್ಲಿ ಸಿಗುವ ತೆಳು ಟೇಪಾದರೆ ಒಂದಿಂಚಿನ ನಿಪ್ಪಲಿಗೆ ಎಂಟು ಹತ್ತು ಸುತ್ತು ಬೇಕಾಗುತ್ತದೆ, ಜಿಪುಣತನ ಬೇಡ.

ಮೊದಲು ಕೈಯಲ್ಲೇ ಕೂರಿಸಿ, ಆಮೇಲೆ ರೆಂಚ್ ಹಾಕಿ. ಎಲ್ಬೋ ನೇರ ಬರಲಿಲ್ಲ ಅಂತ ಹಿಂದಕ್ಕೆ ಮಾತ್ರ ತಿರುಗಿಸಬೇಡಿ, ಸೀಲ್ ಅಲ್ಲೇ ಹೋಗುತ್ತದೆ. ಹಾಗೆ ಮಾಡಬೇಕಾಗಿ ಬಂದರೆ ಪೂರ್ತಿ ಬಿಚ್ಚಿ ಹೊಸ ಟೇಪ್ ಸುತ್ತಿ. ಪ್ಲಾಸ್ಟಿಕ್ ಫಿಟ್ಟಿಂಗಿನೊಳಗೆ ಕಬ್ಬಿಣದ ನಿಪ್ಪಲ್ ಹೋಗುವ ಕಡೆ ಜಾಸ್ತಿ ಬಲ ಹಾಕಿದರೆ ಸೀಳುತ್ತದೆ. ಅಲ್ಲಿ ಹಿತ್ತಾಳೆ ಥ್ರೆಡ್ ಇರುವ ಫಿಟ್ಟಿಂಗ್ ಹಾಕುವುದೇ ಒಳ್ಳೆಯದು, ಬೆಲೆ ಸ್ವಲ್ಪ ಜಾಸ್ತಿಯಾದರೂ ಸರಿ.

ಸಾಲ್ವೆಂಟ್ ಹಾಕಿ ಅಂಟಿಸಿದ ಜಾಯಿಂಟ್ ಸೋರಿದರೆ ಟೇಪಿನ ಕೆಲಸ ಅಲ್ಲ. ಆ ತುಂಡನ್ನೇ ಕತ್ತರಿಸಿ ತೆಗೆದು, ಒಣಗಿಸಿ, ಎರಡು ತುದಿ ಸೇರಿಸುವ ಕಪ್ಲರ್ ಹಾಕಿ. ಪ್ಲಾಸ್ಟಿಕ್ ಪೈಪುಗಳಲ್ಲೂ ಯುಪಿವಿಸಿಗೆ ಬೇರೆ ಸಾಲ್ವೆಂಟ್, ಸಿಪಿವಿಸಿಗೆ ಬೇರೆ. ಡಬ್ಬಿಯ ಮೇಲೆ ಎಷ್ಟು ಹೊತ್ತು ಒಣಗಬೇಕು ಅಂತ ಬರೆದಿರುತ್ತದೆ, ಅಷ್ಟು ಹೊತ್ತು ಮೋಟಾರ್ ಹಾಕಬೇಡಿ.

ಕೊನೆಗೆ ಜಾಯಿಂಟ್ ಒರೆಸಿ, ಒಣ ನ್ಯೂಸ್‌ಪೇಪರ್ ಸುತ್ತಿ, ಟ್ಯಾಂಕ್ ತುಂಬುವವರೆಗೂ ಮೋಟಾರ್ ಓಡಿಸಿ. ಕಣ್ಣಿಗೆ ಕಾಣದಷ್ಟು ಜಿನುಗಿದರೂ ಪೇಪರ್ ಮೇಲೆ ಕಲೆ ಬೀಳುತ್ತದೆ. ಪೈಪ್ ಅದುರುತ್ತಿದೆಯಾ ಅಂತಲೂ ಆಗಲೇ ನೋಡಿ. ಅದುರುತ್ತಿದ್ದರೆ ಗೋಡೆಗೆ ಕ್ಲಾಂಪ್ ಹೊಡೆಸಿ. ಸುಮ್ನೆ ಬಿಟ್ಟರೆ ಅದೇ ಜಾಯಿಂಟ್ ಮತ್ತೆ ಸಡಿಲವಾಗುತ್ತದೆ.